ಒಂದೇ ಅಚ್ಚು

ಎರಿ ಹೊಲದ ದಾರಿಯಲ್ಲಿ ಚಕ್ಕಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಮೊದಲು ಹೋದ ಚಕ್ಕಡಿಯ ಗಾಲಿಗಳು ಕರಿಮಣ್ಣಿನಲ್ಲಿ ಎರಡು ಜಾಡು ಕೊರೆಯುತ್ತವೆ. ಬಿಸಿಲು ಬಿತ್ತೆಂದರೆ ಆ ಜಾಡು ಕಲ್ಲಿನಂತೆ ಬಿಗಿಯುತ್ತದೆ. ಹಿಂದೆ ಬರುವ ಚಕ್ಕಡಿಯ ಅಚ್ಚೂ ಅಷ್ಟೇ ಉದ್ದವಿದ್ದರೆ ಹೊಡೆಯುವವ ತೂಕಡಿಸಿದರೂ ಎತ್ತುಗಳು ಊರು ಮುಟ್ಟಿಸುತ್ತವೆ. ನಾಲ್ಕು ಬೆರಳು ಹೆಚ್ಚುಕಡಿಮೆಯಾಯಿತೋ, ಒಂದು ಗಾಲಿ ಜಾಡಿನಲ್ಲಿ, ಇನ್ನೊಂದು ದಿಬ್ಬದ ಮೇಲೆ. ಹೇರು ವಾಲುತ್ತದೆ, ಎತ್ತಿನ ಹೆಗಲು ಹುಣ್ಣಾಗುತ್ತದೆ. ಆದ್ದರಿಂದ ಒಂದು ಸೀಮೆಯ ಬಡಿಗೇರರೆಲ್ಲ ಯಾರೂ ಹೇಳದೆಯೇ ಒಂದೇ ಅಳತೆಯ ಅಚ್ಚು ಕೂಡಿಸುತ್ತಿದ್ದರು. ಅದಕ್ಕೆ ಕಾಯಿದೆ ಬೇಕಾಗಿರಲಿಲ್ಲ, ಕೆಸರು ಸಾಕಿತ್ತು.

ಹುಬ್ಬಳ್ಳಿಯವರಿಗೆ ಇದೇ ಪಾಠ ಇನ್ನೊಂದು ಸಲ ಕಬ್ಬಿಣದಲ್ಲಿ ಆಯಿತು. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ನಮ್ಮ ಕಡೆ ಹಾಕಿದ್ದು ಮೀಟರ್ ಗೇಜು, ಹಳಿಯಿಂದ ಹಳಿಗೆ 1,000 ಮಿಲಿಮೀಟರ್. ಪುಣೆಯಿಂದ ಮಿರಜದವರೆಗಿನ ದಾರಿ 1971ರಲ್ಲಿ ಬ್ರಾಡ್ ಗೇಜಾಯಿತು, ಅಂದರೆ 1,676 ಮಿಲಿಮೀಟರ್. ಅಲ್ಲಿಂದಾಚೆ 1990ರ ದಶಕದ ತನಕ, ಇಲ್ಲಿಂದ ಮುಂಬಯಿಗೆ ಹೊರಟವರು ಮಿರಜದಲ್ಲಿ ಟ್ರಂಕು, ಹಾಸಿಗೆ ಸುರುಳಿ, ಬುತ್ತಿಗಂಟು, ಮಕ್ಕಳು ಎಲ್ಲವನ್ನೂ ಇಳಿಸಿ ಇನ್ನೊಂದು ಗಾಡಿಗೆ ಏರಿಸಬೇಕಿತ್ತು. ಸರಕಿನದೂ ಅದೇ ಕತೆ. ಸಣ್ಣ ವ್ಯಾಗನ್ನಿನಿಂದ ದೊಡ್ಡ ವ್ಯಾಗನ್ನಿಗೆ ಹಮಾಲರ ಬೆನ್ನ ಮೇಲೆ ದಾಟಬೇಕು. 676 ಮಿಲಿಮೀಟರ್ ಅಂತರಕ್ಕೆ ಒಂದು ಪ್ರದೇಶವೇ ಎಷ್ಟು ತೆರಬೇಕಾಗುತ್ತದೆಂಬುದನ್ನು ನಾನು ಅರ್ಥಶಾಸ್ತ್ರದ ಪುಸ್ತಕದಲ್ಲಿ ಓದಿದ್ದಲ್ಲ, ಆ ಪ್ಲಾಟ್‌ಫಾರ್ಮಿನ ಮೇಲೆ ಅಮ್ಮನ ಸೆರಗು ಹಿಡಿದುಕೊಂಡು ಕಲಿತದ್ದು. 1992ರಲ್ಲಿ ಯೂನಿಗೇಜ್ ಯೋಜನೆ ಬಂತು, ಇದ್ದ ಹಳಿ ಕಿತ್ತು ಅಗಲದ ಹಳಿ ಹಾಕಿದರು. ಈಗ ಗಾಡಿಯಲ್ಲಿ ಮಲಗಿದವರು ಮಿರಜ ದಾಟಿದ್ದು ಗೊತ್ತೇ ಆಗುವುದಿಲ್ಲ.

ಇಷ್ಟು ಹೇಳಿದ್ದು ಎರಡು ಸಾವಿರದ ಇನ್ನೂರು ವರ್ಷದ ಹಿಂದಿನ ಒಬ್ಬ ಅರಸನ ವಿಷಯಕ್ಕೆ ಬರಲಿಕ್ಕೆ. ಕ್ರಿ.ಪೂ. 221ರಲ್ಲಿ ಚಿನ್ ರಾಜ್ಯದ ದೊರೆ ಉಳಿದ ಆರು ರಾಜ್ಯಗಳಲ್ಲಿ ಕೊನೆಯದನ್ನೂ ಗೆದ್ದು ತನ್ನನ್ನು ಮೊದಲ ಸಮ್ರಾಟ ಎಂದು ಕರೆದುಕೊಂಡ. ಷಿ ಹುವಾಂಗ್‌ಡಿ ಎಂಬ ಬಿರುದಿನ ಅರ್ಥವೇ ಅದು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅವನು ಮಹಾಗೋಡೆಯವನು, ಪುಸ್ತಕ ಸುಡಿಸಿದವನು. ಇತ್ತೀಚೆಗೆ ಮಣ್ಣಿನ ಸೈನಿಕರ ಗೋರಿಯವನು. ಆದರೆ ಅವನ ನಿಜವಾದ ಕೆಲಸ ಇನ್ನೊಂದು. ಗೆದ್ದ ವರ್ಷವೇ ಅವನು ಹೊರಡಿಸಿದ ಆಜ್ಞೆ ತೂಕ, ಅಳತೆಗಳನ್ನು ಒಂದು ಮಾಡಿತು. ಗಾಡಿಗಳ ಅಗಲ ಅಲ್ಲಿಯ ಆರು ಅಡಿ ಎಂದು ಗೊತ್ತಾಯಿತು. ನಮ್ಮ ಲೆಕ್ಕದಲ್ಲಿ ಸುಮಾರು 138 ಸೆಂಟಿಮೀಟರ್. ಮಂತ್ರಿ ಲಿ ಸಿಯ ಮುಂದಾಳ್ತನದಲ್ಲಿ ರಾಜ್ಯಕ್ಕೊಂದರಂತೆ ಇದ್ದ ಬರವಣಿಗೆಯ ರೀತಿಗಳು ಹೋಗಿ ಒಂದೇ ಲಿಪಿ ಬಂತು. ನಾಣ್ಯ ಒಂದೇ ಆಯಿತು, ದುಂಡಗೆ, ನಡುವೆ ಚೌಕನೆಯ ತೂತು. ದೇಶವನ್ನು 36 ಪ್ರಾಂತಗಳಾಗಿ ಹಂಚಿ, ವಂಶಪಾರಂಪರ್ಯದ ಸಾಮಂತರ ಜಾಗದಲ್ಲಿ ಸಂಬಳದ ಅಧಿಕಾರಿಗಳನ್ನು ಕೂಡಿಸಿದರು.

ಕನ್ನಡದಲ್ಲಿ ಯೋಚಿಸುವವನಿಗೆ ಇಲ್ಲೊಂದು ಸೊಗಸು ಕಾಣುತ್ತದೆ. ಗಾಡಿಯದು ಅಚ್ಚು, ನಾಣ್ಯ ಒತ್ತುವುದು ಅಚ್ಚು, ಅಕ್ಷರ ಮೂಡಿಸುವುದೂ ಅಚ್ಚು. ಬೆಲ್ಲದ ಅಚ್ಚನ್ನು ಸದ್ಯ ಬದಿಗಿಡೋಣ. ಚೀನಾದ ಮೊದಲ ಸಾಮ್ರಾಜ್ಯ ಮಾಡಿದ್ದನ್ನೆಲ್ಲ ನಾವು ಒಂದೇ ಶಬ್ದದಲ್ಲಿ ಹೇಳಿಬಿಡಬಹುದು. ಶಬ್ದ ಒಂದೇ ಆದುದರಿಂದ ಪ್ರಶ್ನೆಯೂ ಸುಲಭವಾಗಿ ಹುಟ್ಟುತ್ತದೆ: ಗಾಡಿಗೆ ಒಂದೇ ಅಚ್ಚು ಬೇಕು ಎಂದ ಮಾತ್ರಕ್ಕೆ ನಾಲಿಗೆಗೂ ಒಂದೇ ಅಚ್ಚು ಬೇಕೇ? ಒಂದಾಗುವುದು ಎಂದರೆ ಒಂದೇ ಥರ ಆಗುವುದೇ?

ಚಿನ್ ಸಾಮ್ರಾಜ್ಯ ಹದಿನೈದು ವರ್ಷ ಬಾಳಿತು. ಇದನ್ನು ಹಿಡಿದುಕೊಂಡು ಅವಸರದ ಉತ್ತರ ಕೊಡುವವರಿದ್ದಾರೆ: ನೋಡಿ, ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಿದವನ ಗತಿ. ಅದಕ್ಕೆ ಒಪ್ಪುವ ಕತೆಯೂ ಇದೆ. ಕ್ರಿ.ಪೂ. 209ರಲ್ಲಿ ಗಡಿಕಾವಲಿಗೆ ಹೊರಟ 900 ಜನರ ತಂಡವೊಂದು ಮಳೆಯಲ್ಲಿ ಸಿಕ್ಕಿಕೊಂಡಿತು. ತಡವಾದರೆ ಕಾನೂನಿನಂತೆ ತಲೆದಂಡ. ಹೇಗೂ ಸಾಯುವುದೇ ಆದರೆ ಎದುರು ನಿಂತು ಸಾಯೋಣ ಎಂದು ಚೆನ್ ಶೆಂಗ್ ಎಂಬ ಕೂಲಿಯವನು ದಂಗೆ ಎದ್ದ. ಆ ಕಿಡಿಯಿಂದ ಸಾಮ್ರಾಜ್ಯ ಸುಟ್ಟುಹೋಯಿತು. ಹೀಗೆಂದು ಬರೆದಿಟ್ಟವನು ಮುಂದಿನ ಹಾನ್ ವಂಶದ ಕಾಲದ ಮಹಾ ಇತಿಹಾಸಕಾರ ಸಿಮಾ ಚಿಯೆನ್.

1975ರಲ್ಲಿ ಹುಬೈ ಪ್ರಾಂತದ ಶುಯಿಹುಡಿಯಲ್ಲಿ ಒಂದು ಗೋರಿ ಅಗೆದರು. ಒಳಗಿದ್ದವನು ಚಿನ್ ಕಾಲದ ಸಣ್ಣ ಅಧಿಕಾರಿ, ಷಿ ಎಂದು ಹೆಸರು. ಅವನ ಎಲುಬಿನ ಸುತ್ತಮುತ್ತ 1,100ಕ್ಕೂ ಹೆಚ್ಚು ಬಿದಿರು ಪಟ್ಟಿಗಳು. ಅವುಗಳಲ್ಲಿ ಬಹುಪಾಲು ಕಾಯಿದೆ ಕಾನೂನು. ನಮ್ಮ ಕಡೆಯ ಒಬ್ಬ ಶಿರಸ್ತೇದಾರನನ್ನು ದಫ್ತರದ ಸಮೇತ ಹೂಳಿದಂತೆ. ಅದರಲ್ಲಿ ಬಿಟ್ಟಿ ಕೆಲಸದ ಕಾನೂನೂ ಇದೆ. ಮೂರರಿಂದ ಐದು ದಿನ ತಡವಾದರೆ ಬೈಗುಳ. ಆರರಿಂದ ಹತ್ತು ದಿನವಾದರೆ ಒಂದು ಗುರಾಣಿಯ ಬೆಲೆಯಷ್ಟು ದಂಡ. ಅದಕ್ಕೂ ಮೀರಿದರೆ ಒಂದು ಕವಚದ ಬೆಲೆ. ಮಳೆ ಬಂದರೆ ಮಾಫಿ! ಗಡಿಕಾವಲಿನ ಕಾನೂನು ಇದಕ್ಕಿಂತ ಬಿಗಿಯಾಗಿದ್ದಿರಬಹುದು ಎಂದು ವಾದಿಸುವ ಪಂಡಿತರಿದ್ದಾರೆ, ಇರಲಿ. ಆದರೂ ಮಳೆಗೆ ರಿಯಾಯಿತಿ ಕೊಡುವ ಸರ್ಕಾರ ನಮ್ಮ ಪಠ್ಯಪುಸ್ತಕದ ರಾಕ್ಷಸ ಸರ್ಕಾರ ಅಲ್ಲ. ಅದೇ ಪಟ್ಟಿಗಳಲ್ಲಿ ಸರ್ಕಾರಿ ತಕ್ಕಡಿಯ ಮಾತೂ ಬರುತ್ತದೆ. ತಕ್ಕಡಿ ಇಂತಿಷ್ಟಕ್ಕಿಂತ ಹೆಚ್ಚು ತಪ್ಪಿದರೆ ದಂಡ ಬೀಳುವುದು ಆ ಕಚೇರಿಯ ಮುಖ್ಯಸ್ಥನ ಮೇಲೆ. ಈ ಒಂದು ಕಲಮು ನಮ್ಮ ಕಾಲದಲ್ಲಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ರೇಶನ್ ಅಂಗಡಿಯ ಪಾಳಿಯಲ್ಲಿ ನಿಂತವರಿಗೆ ಅನ್ನಿಸದೇ ಇರದು.

ಅಂದರೆ ಚಿನ್ ಸಾಮ್ರಾಜ್ಯದ ಕ್ರೌರ್ಯದ ಕತೆ ನಮಗೆ ಬಂದದ್ದು ಅದನ್ನು ಕೆಡವಿ ಬಂದವರ ಕಾಲದ ಬರಹದಿಂದ. ಅದಕ್ಕಿಂತ ಮಜಾ ಎಂದರೆ, ಬಾಯಲ್ಲಿ ಚಿನ್ ಅರಸನನ್ನು ಬೈಯುತ್ತಲೇ ಹಾನ್ ವಂಶದವರು ಕೈಯಲ್ಲಿ ಅವನ ಅಚ್ಚನ್ನೇ ಹಿಡಿದುಕೊಂಡರು. ಲಿಪಿ ಬಿಡಲಿಲ್ಲ, ಅಳತೆ ಬಿಡಲಿಲ್ಲ, ಪ್ರಾಂತಗಳ ಆಡಳಿತ ಬಿಡಲಿಲ್ಲ. ಮೊದಮೊದಲು ಅರ್ಧ ದೇಶವನ್ನು ಬಂಧುಗಳಿಗೆ ಮಾಂಡಲಿಕ ರಾಜ್ಯಗಳಾಗಿ ಕೊಟ್ಟು ನೋಡಿದರು, ಕ್ರಿ.ಪೂ. 154ರಲ್ಲಿ ಏಳು ರಾಜ್ಯಗಳು ಒಟ್ಟಿಗೆ ತಿರುಗಿಬಿದ್ದ ಮೇಲೆ ಆ ಹುಮ್ಮಸ್ಸೂ ಇಳಿಯಿತು. ಕ್ರಿ.ಪೂ. 118ರಲ್ಲಿ ಅವರು ಒತ್ತಿಸಿದ ನಾಣ್ಯದ ಮಾದರಿ ಏಳು ಶತಮಾನ ದಾಟಿ ಟಾಂಗ್ ವಂಶದ ತನಕ ನಡೆಯಿತು. ಕ್ರಿ.ಶ. 2ರ ಜನಗಣತಿಯಲ್ಲಿ ಅವರ ಗುಮಾಸ್ತರು ಬರೆದ ಅಂಕಿ 5,95,94,978 ತಲೆಗಳು. ಕೊನೆಯ ಎಂಟನ್ನೂ ಬಿಡಲಿಲ್ಲ ನೋಡಿ. ಒಂದೇ ಅಳತೆ, ಒಂದೇ ಬರಹ ಇಲ್ಲದೆ ಇಂಥ ಲೆಕ್ಕ ಸಾಧ್ಯವಿರಲಿಲ್ಲ. ನಾನೂರು ವರ್ಷ ಬಾಳಿದ ಹಾನ್ ಸಾಮ್ರಾಜ್ಯ ಚಿನ್ ಅಚ್ಚಿನ ಮೇಲೆಯೇ ಓಡಿದ ಗಾಡಿ. ಆದುದರಿಂದ ಒಂದೇ ಅಚ್ಚು ಮಾಡಿದ್ದರಿಂದಲೇ ಚಿನ್ ಕೆಟ್ಟಿತು ಎನ್ನುವ ವಾದ ನಿಲ್ಲುವುದಿಲ್ಲ.

ಇನ್ನು ಲಿಪಿಯ ವಿಷಯ. ಇಲ್ಲಿ ನಮ್ಮವರು ಮೇಲಿಂದ ಮೇಲೆ ತಪ್ಪು ಮಾಡುತ್ತಾರೆ. ಚೀನಾದಲ್ಲಿ ಲಿಪಿ ಒಂದಾಯಿತು, ಮಾತು ಒಂದಾಗಲಿಲ್ಲ. ಅಲ್ಲಿಯ ಅಕ್ಷರ ಬಹುಮಟ್ಟಿಗೆ ಅರ್ಥವನ್ನು ಹಿಡಿಯುತ್ತದೆ. ಉತ್ತರದವನು ಒಂದು ಥರ ಉಚ್ಚರಿಸುತ್ತಾನೆ, ಕ್ಯಾಂಟನ್ನಿನವನು ಇನ್ನೊಂದು ಥರ, ಓದಿ ತಿಳಿಯುವುದು ಇಬ್ಬರಿಗೂ ಒಂದೇ. ನಾವು 5 ಎಂದು ಬರೆದದ್ದನ್ನು ಕನ್ನಡದವನು ಐದು ಎಂದೂ ಮರಾಠಿಯವನು ಪಾಚ್ ಎಂದೂ ಓದುವ ಹಾಗೆ. ಹಾನ್ ಕಾಲದಲ್ಲಿಯೇ ಯಾಂಗ್ ಷಿಯೊಂಗ್ ಎಂಬ ವಿದ್ವಾಂಸನೊಬ್ಬ ರಾಜಧಾನಿಗೆ ಬರುವ ದೂರದೂರದ ಜನರನ್ನು, ಸಿಪಾಯಿಗಳನ್ನು ಹಿಡಿದು ನಿಮ್ಮ ಕಡೆ ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿ ಕೇಳಿ 27 ವರ್ಷ ಶಬ್ದ ಕೂಡಿಹಾಕಿದ. ಅವನ ಕೃತಿಯ ಹೆಸರು ‘ಫಾಂಗ್ಯಾನ್’, ಅಂದರೆ ಸೀಮೆಯ ನುಡಿ. ಒಂದೇ ಲಿಪಿಯ ಸಾಮ್ರಾಜ್ಯದಲ್ಲಿ ಹುಟ್ಟಿದ್ದು ಹಲವು ಮಾತಿನ ಕೋಶ! ಸಮ್ರಾಟನ ಗತ್ತಿನ ಮುದ್ರೆಯ ಲಿಪಿ ಕೂಡ ಬಹಳ ದಿನ ಬಾಳಲಿಲ್ಲ. ಷಿಯಂಥ ಗುಮಾಸ್ತರು ಅವಸರದಲ್ಲಿ ಗೀಚುತ್ತಿದ್ದ ಸರಳ ಬರಹವೇ ಹಾನ್ ಕಾಲದಲ್ಲಿ ಗೆದ್ದಿತು. ಮೇಲಿನವರು ಹಾಕಿದ ಅಚ್ಚನ್ನು ಕೆಳಗಿನವರು ತಮ್ಮ ಕೈಗೆ ಒಗ್ಗಿಸಿಕೊಂಡರು ಎಂದರ್ಥ.

ಚಿನ್ ಅರಸನ ಆಸುಪಾಸಿನ ಅರ್ಧ ಶತಮಾನದಲ್ಲಿ ನಮ್ಮ ನೆಲದಲ್ಲಿ ಏನಾಗುತ್ತಿತ್ತು? ಚಿನ್ ಅರಸ ಬೆಟ್ಟಗಳ ಮೇಲೆ ಶಾಸನ ನಿಲ್ಲಿಸುವ ಕೆಲವೇ ದಶಕ ಮೊದಲು ಅಶೋಕನ ಮಾತು ಮಸ್ಕಿಯಲ್ಲಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ, ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಬಂಡೆಗೆ ಬಿದ್ದಿತ್ತು. ಅಶೋಕನ ದಾರಿ ಬೇರೆ. ವಾಯವ್ಯದಲ್ಲಿ ಅವನು ಖರೋಷ್ಠಿಯಲ್ಲಿ ಬರೆಸಿದ, ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಬರೆಸಿದ. ಓದುವವನಿಗೆ ತಕ್ಕ ಲಿಪಿ. ಆದರೆ ಕನ್ನಡ ನಾಡಿಗೆ ಬಂದಾಗ ಪ್ರಾಕೃತದಲ್ಲಿಯೇ ಹೇಳಿಸಿದ ಎಂಬುದನ್ನು ಮರೆಯಬಾರದು. ಗ್ರೀಕರಿಗೆ ಸಿಕ್ಕ ಮರ್ಯಾದೆ ನಮಗೆ ಸಿಗಲಿಲ್ಲ. ಬ್ರಹ್ಮಗಿರಿಯ ಶಾಸನದ ಕೊನೆಗೆ ಇದನ್ನು ಬರೆದ ಲಿಪಿಕಾರ ಚಪಡ ಎಂಬ ಅಂಕಿತವಿದೆ. ಅದರಲ್ಲಿ ಲಿಪಿಕಾರ ಎಂಬ ಮಾತನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ ಬರೆದಿದ್ದಾನೆ. ಸುತ್ತಲಿನವರಿಗೆ ಓದಲಿಕ್ಕೆ ಬರಲೆಂದಂತೂ ಇರಲಾರದು. ದೂರದ ಗಾಂಧಾರದ ಕಡೆಯಿಂದ ಬಂದು ಮೊಳಕಾಲ್ಮೂರಿನ ಬಿಸಿಲಲ್ಲಿ ಕೂತವನು ತನ್ನ ಊರಿನ ಅಕ್ಷರದಲ್ಲಿ ತನ್ನ ಕಸುಬು ಹೇಳಿಕೊಂಡ, ಅಷ್ಟೆ. 1892ರಲ್ಲಿ ಬಿ.ಎಲ್. ರೈಸ್ ಇದನ್ನು ಹುಡುಕಿಕೊಟ್ಟ ಮೇಲೆ ಚಪಡನಿಗೆ ಓದುಗರು ಸಿಕ್ಕರು.

ಬ್ರಾಹ್ಮಿ ಧ್ವನಿಯನ್ನು ಹಿಡಿಯುವ ಲಿಪಿ. ಧ್ವನಿ ಹಿಡಿದ ಲಿಪಿ ಮಾತಿನ ಹಿಂದೆ ಓಡಲೇಬೇಕು. ಮಾತು ಕವಲಾದ ಕಡೆಯಲ್ಲೆಲ್ಲ ತಾನೂ ಕವಲಾಗಬೇಕು. ಏಳನೆಯ ಶತಮಾನದಲ್ಲಿ ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೂ ಬಂದು ಹೋದ ಹುಯೆನ್ ತ್ಸಾಂಗ್ ಇದನ್ನು ಗಮನಿಸಿದ್ದ: ಈ ದೇಶದ ಅಕ್ಷರಗಳು 47, ಬ್ರಹ್ಮ ಮಾಡಿದವೆಂದು ಹೇಳುತ್ತಾರೆ, ಮೂಲ ಒಂದೇ ಆದರೂ ಹೊಳೆ ಕವಲೊಡೆದಂತೆ ಸೀಮೆಯಿಂದ ಸೀಮೆಗೆ ಸ್ವಲ್ಪ ಸ್ವಲ್ಪ ಬದಲಾಗಿವೆ ಎಂಬ ಅರ್ಥದಲ್ಲಿ ಬರೆದ. ಒಂದೇ ಲಿಪಿಯ ದೇಶದಿಂದ ಬಂದವನ ಕಣ್ಣಿಗೆ ಮೊದಲು ಬೀಳುವುದು ಅದೇ ತಾನೆ. ಚೀನಾ ಲಿಪಿಯಲ್ಲಿ ಒಂದಾಗಿ ಮಾತಿನಲ್ಲಿ ಹಲವಾಗಿ ಉಳಿಯಿತು. ನಾವು ಮಾತು, ಲಿಪಿ ಎರಡರಲ್ಲೂ ಹಲವಾದೆವು. ಇದರಲ್ಲಿ ಅವರ ದಬ್ಬಾಳಿಕೆಯನ್ನಾಗಲಿ ನಮ್ಮ ಉದಾರತೆಯನ್ನಾಗಲಿ ಹುಡುಕುವುದಕ್ಕೆ ಮುಂಚೆ ಅಕ್ಷರದ ಸ್ವಭಾವವನ್ನು ನೋಡಬೇಕು.

ಉದಾರತೆಯ ಮಾತು ಬಂತು. ನಮ್ಮ ಹಳೆಯ ಅರಸರು ವೈವಿಧ್ಯವನ್ನು ಸಹಿಸಿಕೊಂಡರು ಎಂದು ಹೆಮ್ಮೆಪಡುವುದು ನಮ್ಮಲ್ಲಿ ರೂಢಿ. ಧಾರವಾಡ, ಗದಗ ಸೀಮೆಯ ಶಾಸನಗಳನ್ನು ಓದಿದವರಿಗೆ ಗೊತ್ತು, ಭೂಮಿ ದಾನ ಕೊಡುವಾಗ ಇಷ್ಟು ಮತ್ತರು ಎಂದು ಹೇಳಿ ನಿಲ್ಲಿಸುವುದಿಲ್ಲ, ಯಾವ ಗಳೆಯಿಂದ ಅಳೆದದ್ದು ಎಂದೂ ಹೇಳಬೇಕು. ಬಳ್ಳಿಗಾವೆಯ ಕಡೆ ಭೇರುಂಡ ಗಳೆ, ಇನ್ನೊಂದು ಕಡೆ ಇನ್ನೊಂದು ಗಳೆ. ಹೊನ್ನಿನಲ್ಲಿಯೂ ಅಷ್ಟೇ, ಗದ್ಯಾಣ ಎಂದರೆ ಸಾಲದು. ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ ಟಂಕಸಾಲೆಯದಾದರೆ ಲೊಕ್ಕಿ ಗದ್ಯಾಣ ಎಂದು ಬಿಡಿಸಿ ಹೇಳಬೇಕು. ಇದು ಕೇಳಲಿಕ್ಕೆ ಚೆಂದ. ಆದರೆ ಬೆಳ್ವೊಲ-300ರ ಒಬ್ಬ ಒಕ್ಕಲಿಗ ಪಕ್ಕದ ಪುಲಿಗೆರೆ-300ರ ಸಂತೆಗೆ ಕಾಳು ತಂದಾಗ ಅಳತೆಯ ವ್ಯತ್ಯಾಸದಲ್ಲಿ ಲಾಭ ಹೊಡೆದವನು ಯಾರು? ಎರಡೂ ಅಳತೆ ಬಲ್ಲ ಸೆಟ್ಟಿ. ಒಂದೇ ಬಲ್ಲವನು ಸೋತ. ನಮ್ಮ ಹಲವು ಗಳೆಗಳು ಸಹನೆಯ ಗುರುತು ಎನ್ನುವುದಕ್ಕಿಂತ ಅರಸನ ಕೈ ಅಲ್ಲಿಯ ತನಕ ಮುಟ್ಟಲಿಲ್ಲ ಎಂಬುದರ ಗುರುತು. ಚಿನ್ ರಾಜ್ಯದಲ್ಲಿ ಕ್ರಿ.ಪೂ. 344ರಲ್ಲಿ ಶಾಂಗ್ ಯಾಂಗ್ ಎಂಬ ಮಂತ್ರಿ ಮಾಡಿಸಿದ ಒಂದು ಕಂಚಿನ ಮಾಪು ಇಂದಿಗೂ ಶಾಂಘೈ ಮ್ಯೂಸಿಯಮ್ಮಿನಲ್ಲಿದೆ. ಹಿಡಿಯುವುದು ಸುಮಾರು 200 ಮಿಲಿಲೀಟರ್. 123 ವರ್ಷದ ನಂತರ ಸಮ್ರಾಟ ತನ್ನ ಆಜ್ಞೆಯನ್ನು ಅದೇ ಮಾಪಿನ ತಳಕ್ಕೆ ಕೊರೆಸಿದ. ತಾತನ ಪಾವು ಮೊಮ್ಮಗನ ಕಾಲದಲ್ಲಿಯೂ ಅದೇ ಪಾವು. ಬಡವನಿಗೆ ಅದೊಂದು ಆಸರೆ. ಇದನ್ನು ಒಪ್ಪಿಕೊಳ್ಳದೆ ವೈವಿಧ್ಯದ ಗುಣಗಾನ ಮಾಡುವುದು ಕಳ್ಳತಕ್ಕಡಿಯ ಪರವಾಗಿ ವಕೀಲಿಕೆ ಮಾಡಿದಂತೆ.

ಆದರೆ ಒಂದು ಮಾತನ್ನು ಇನ್ನೂ ಹೇಳಿಲ್ಲ. ಶಾಂಗ್ ಯಾಂಗನ ಮಾಪು ಚಿನ್ ರಾಜ್ಯದ ಹಳೆಯ ಮಾಪು. ಸಮ್ರಾಟ ಎಲ್ಲರಿಗೂ ಹೊಸದೊಂದು ಅಳತೆ ಕೊಡಲಿಲ್ಲ, ತನ್ನದನ್ನೇ ಎಲ್ಲರದು ಮಾಡಿದ. ಲಿಪಿಯೂ ಚಿನ್ ರಾಜ್ಯದ ಬರವಣಿಗೆಯಿಂದಲೇ ಬಂದದ್ದು. ಗೆದ್ದ ರಾಜ್ಯದ ಗುಮಾಸ್ತ ಹೊಸದಾಗಿ ಕಲಿಯಬೇಕಾದ್ದು ಅತಿ ಕಡಿಮೆ. ಉಳಿದ ಆರು ರಾಜ್ಯಗಳಲ್ಲಿ ಅಲ್ಲಿಯ ಬರಹ ಬಲ್ಲ ಪಂಡಿತ ಬೆಳಗಾಗುವುದರೊಳಗೆ ನಿರಕ್ಷರಿ. ಯಾವ ಅಚ್ಚನ್ನೇ ಆಗಲಿ ಎಲ್ಲರ ಮೇಲೆ ಇಡುವಾಗ ಕೇಳಬೇಕಾದ ಪ್ರಶ್ನೆ ಇದು: ನಿನ್ನೆಯ ತನಕ ಇದು ಯಾರದಾಗಿತ್ತು?

ಈ ಪ್ರಶ್ನೆ ಹಿಡಿದುಕೊಂಡು ನಮ್ಮ ಊರಿಗೆ ಬರೋಣ. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಹಂಚಿಹೋಗಿದ್ದ ಕನ್ನಡದ ಜನ ಒಂದೇ ರಾಜ್ಯಕ್ಕೆ ಬಂದರು. ಅದೇ ವರ್ಷದ ಕೊನೆಗೆ ಪಾರ್ಲಿಮೆಂಟಿನಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯೂ ಆಯಿತು. 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯೇ ಪೈಸೆ ಬಂತು, ಬೆನ್ನಿಗೇ ಕಿಲೋ, ಲೀಟರು. ಒಂದು ನಾಡು ಮತ್ತು ಒಂದು ತಕ್ಕಡಿ ಎರಡೂ ಒಂದೇ ಬಾಣಂತಿಕೋಣೆಯಿಂದ ಹೊರಬಂದವು ಎನ್ನಬೇಕು. ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಗಳಲ್ಲಿ ಪಾವಸೇರು, ಅಚ್ಚೇರು, ಅಡಸೇರಿ ಹೋಗಿ ಕಿಲೋ ಬಂದಾಗ ಹಿರಿಯರು ಗೊಣಗಿದರು, ಕೆಲವು ದಿನ ಲೆಕ್ಕ ತಪ್ಪಿತು, ಆಮೇಲೆ ಮರೆತೇಹೋಯಿತು. ಯಾಕೆ? ಕಿಲೋ ಯಾರದೂ ಅಲ್ಲ. ಹುಬ್ಬಳ್ಳಿಯ ಸೇರು ಸೋಲಲಿಲ್ಲ, ಮೈಸೂರಿನ ಸೇರು ಗೆಲ್ಲಲಿಲ್ಲ. ಇಬ್ಬರೂ ಒಟ್ಟಿಗೆ ಪಾಟಿ ಬಳಪ ಹಿಡಿದು ಕಲಿತರು. ಮೇಲಾಗಿ ಹಳೆಯ ಹೆಸರುಗಳಿಗೆ ಯಾರೂ ಕೈ ಹಚ್ಚಲಿಲ್ಲ. ಹೂವು ಈಗಲೂ ಮಾರು, ಮೊಳ. ಹೊಲ ಈಗಲೂ ಇಷ್ಟು ಕೂರಿಗಿ. ಬಂಗಾರದ ತೊಲಿಯಂತೂ ಸದ್ದಿಲ್ಲದೆ ಹನ್ನೊಂದೂವರೆ ಗ್ರಾಮಿನಿಂದ ಹತ್ತು ಗ್ರಾಮಿಗೆ ಇಳಿದು ಹೊಸ ಲೆಕ್ಕದೊಳಗೆ ಹಳೆಯ ಹೆಸರಿನಲ್ಲಿ ಕೂತುಬಿಟ್ಟಿದೆ.

ನಾಲಿಗೆಯ ವಿಷಯದಲ್ಲಿ ಹೀಗಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಧಾರವಾಡದಲ್ಲಿ ಕಚೇರಿಯ ದಫ್ತರ ಮರಾಠಿ, ಬರಹ ಮೋಡಿ ಲಿಪಿ. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಿದ್ದರು. ಸರ್ಕಾರದ ಕಡೆಯಿಂದ ನೋಡಿದರೆ ಇದು ಗಾಡಿಯ ಅಚ್ಚಿನ ತರ್ಕ: ಪುಣೆಯಿಂದ ಧಾರವಾಡದ ತನಕ ಒಂದೇ ಭಾಷೆಯ ಕಾಗದ ಓಡಿದರೆ ಅನುಕೂಲ. ಆದರೆ ಆ ಅನುಕೂಲ ಯಾರ ಮಗುವಿನ ಬೆನ್ನ ಮೇಲೆ? ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯ ಒಳಗಿದ್ದುಕೊಂಡೇ ಕನ್ನಡ ಶಾಲೆಗಳನ್ನು ಬೆಳೆಸಿದ್ದು, 1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳ್ತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು, 1917ರಲ್ಲಿ ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ ಪ್ರಕಟಿಸಿ ಕದಂಬ ಚಾಲುಕ್ಯರನ್ನು ಜನರ ಎದುರಿಗೆ ತಂದು ನಿಲ್ಲಿಸಿದ್ದು, 1953ರಲ್ಲಿ ಅದರಗುಂಚಿಯ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕೂತದ್ದು, ಎಲ್ಲವೂ ಬೇರೆಯವರ ಅಚ್ಚು ನಮ್ಮ ನಾಲಿಗೆಗೆ ಬೇಡ ಎಂಬ ಒಂದೇ ಹಟದಿಂದ.

ಏಕೀಕರಣವಾಯಿತು. ಆಮೇಲೆ? ಹೊಸ ರಾಜ್ಯದ ಹೆಸರು ಮೈಸೂರು. ಅದು ಕರ್ನಾಟಕವಾಗಲಿಕ್ಕೆ 1973ರ ನವೆಂಬರ್ 1ರ ತನಕ ಕಾಯಬೇಕಾಯಿತು. ಪಠ್ಯಪುಸ್ತಕದ ಕನ್ನಡ, ಸಿನಿಮಾದ ಕನ್ನಡ ಹಳೆ ಮೈಸೂರಿನ ಶಿಷ್ಟರದು. ಬಿಟ್ಟು ಬಂದದ್ದು ಮೋಡಿಯ ಅಚ್ಚು, ಸಿಕ್ಕದ್ದು ಇನ್ನೊಂದು ಅಚ್ಚು. ಈ ಸಲ ಅದು ನಮ್ಮದೇ ಮನೆಯ ಅಣ್ಣನದು. ನಾನು ಶಾಲೆಯಲ್ಲಿ ‘ಹೋಗೂಣು’ ಎಂದು ಬರೆದಾಗ ಮಾಸ್ತರರು ಕೆಂಪು ಮಸಿಯಲ್ಲಿ ‘ಹೋಗೋಣ’ ಎಂದು ತಿದ್ದಿದರು. ಅವರೂ ನಮ್ಮ ಊರಿನವರೇ. ತಿದ್ದಿದ ಮೇಲೆ ಗಂಟೆ ಬಾರಿಸಿತು, “ಏಳ್ರಿನ್ನ, ಊಟಕ್ಕ ಹೋಗೂಣು” ಎಂದರು.

ಪ್ರಮಾಣ ಭಾಷೆ ಬೇಡ ಎಂದು ನಾನು ವಾದಿಸುತ್ತಿಲ್ಲ. ಕಲಬುರ್ಗಿಯವನೂ ಮಂಗಳೂರಿನವಳೂ ಚಾಮರಾಜನಗರದವನೂ ಒಂದೇ ವರದಿ ಓದಿ ಒಂದೇ ಅರ್ಥ ತಿಳಿಯಬೇಕಾದರೆ ಅಚ್ಚಿಗೆ ಹೋಗುವ ಕನ್ನಡ ಒಂದು ಹದದಲ್ಲಿರಬೇಕು. ಅಪರಿಚಿತರ ನಡುವೆ ದಾಟುವ ವಸ್ತುಗಳಿಗೆಲ್ಲ ಒಂದೇ ಜಾಡು ಬೇಕು. ಕಾನೂನು, ಔಷಧದ ಚೀಟಿ, ರೈಲು, ತಕ್ಕಡಿ ಎಲ್ಲ ಇದರಲ್ಲಿ ಬರುತ್ತವೆ. ಕೆಡುಕು ಶುರುವಾಗುವುದು ಆ ಜಾಡಿನಿಂದ ಹೊರಗಿದ್ದದ್ದನ್ನು ತಪ್ಪು ಎಂದು ಕರೆದಾಗ. ನನ್ನ ಮಾಸ್ತರರ ಕೆಂಪು ಮಸಿಯೂ ಮಾಡಿದ್ದು ಅದನ್ನೇ. ಬೇಂದ್ರೆಯವರ ಧಾರವಾಡದ ಮಾತಿನ ಪದ್ಯಗಳನ್ನು ಮೈಸೂರಿನವರು ಕೋಶ ಬಿಚ್ಚದೆ ಹಾಡಿದರು. ಆ ಗಾಡಿ ಓಡಲಿಕ್ಕೆ ಗೇಜು ಬದಲಿಸಬೇಕಾಗಲಿಲ್ಲ.

ಧಾರವಾಡದ ಕಡೆಯವರು ಇದನ್ನು ಓದಿ ತೋಳು ಮಡಚಿ ತಲೆದೂಗುವುದಕ್ಕೆ ಮೊದಲು ಇನ್ನೊಂದು ಸಂಗತಿ ಹೇಳಬೇಕು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯ ತನಕದ ನಾಡನ್ನು ಹೇಳಿ, ಅದರ ನಡುವೆ ತಿರುಳ್ಗನ್ನಡದ ಸೀಮೆ ಯಾವುದೆಂದು ಗೆರೆ ಎಳೆಯುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳ ನಡುವಿನ ನೆಲ. ಆ ಕಾಲದಲ್ಲಿ ಕನ್ನಡದ ಅಚ್ಚು ನಮ್ಮದಾಗಿತ್ತು! ದಕ್ಷಿಣದ ಕವಿಯೊಬ್ಬ ಪುಲಿಗೆರೆಯ ಕನ್ನಡಕ್ಕೆ ತನ್ನ ಮಾತನ್ನು ಒಗ್ಗಿಸಿಕೊಳ್ಳಲು ಎಷ್ಟು ಒದ್ದಾಡಿದ ಎಂಬುದು ಎಲ್ಲಿಯೂ ದಾಖಲಾಗಿಲ್ಲ. ಆದರೂ ಆ ಗ್ರಂಥದ ಮರ್ಯಾದೆಗೆ ಇಷ್ಟು ಹೇಳಲೇಬೇಕು: ದೇಶಕ್ಕೊಂದರಂತೆ ಇರುವ ಕನ್ನಡಗಳನ್ನು ಎಣಿಸಿ ಮುಗಿಸುವುದು ಸಾವಿರ ನಾಲಗೆಯ ವಾಸುಕಿಗೂ ಆಗದ ಕೆಲಸ ಎಂದು ಅದು ಒಪ್ಪಿಕೊಳ್ಳುತ್ತದೆ. ಯಾಂಗ್ ಷಿಯೊಂಗ್ 27 ವರ್ಷ ಕೂತು ಎಣಿಸಲು ಹೊರಟ, ನಮ್ಮ ಕವಿ ಕೈಚೆಲ್ಲಿದ. ಇಬ್ಬರಿಗೂ ಹಲವು ಇವೆ ಎಂಬುದು ಗೊತ್ತಿತ್ತು; ಅದನ್ನು ಇಲ್ಲವಾಗಿಸಬೇಕು ಎಂದು ಇಬ್ಬರಿಗೂ ಅನ್ನಿಸಲಿಲ್ಲ.

ಆ ಕಿಸುವೊಳಲಿನಲ್ಲಿಯೇ ಒಂದು ಕಂಬವಿದೆ. ಬಾದಾಮಿ ಚಾಲುಕ್ಯರ ಕೊನೆಯ ಅರಸ ಇಮ್ಮಡಿ ಕೀರ್ತಿವರ್ಮನ ಕಾಲದ್ದು, 754ರದು. ಸಾಮ್ರಾಜ್ಯ ದಂತಿದುರ್ಗನ ಕೈಗೆ ಜಾರುತ್ತಿದ್ದ ಹೊತ್ತು. ನಿಲ್ಲಿಸಿದವನು ಅರಸನಲ್ಲ, ಗಂಗೆಯ ಉತ್ತರದ ದಡದಿಂದ ಬಂದು ಇಲ್ಲಿ ನೆಲೆಸಿದ ಜ್ಞಾನಶಿವಾಚಾರ್ಯ. ಒಂದೇ ಸಂಸ್ಕೃತ ಶಾಸನವನ್ನು ಅವನು ಎರಡು ಸಲ ಕೊರೆಸಿದ. ಒಮ್ಮೆ ತನ್ನ ಉತ್ತರದ ಸಿದ್ಧಮಾತೃಕೆಯಲ್ಲಿ, ಇನ್ನೊಮ್ಮೆ ಈ ನೆಲದ ಕನ್ನಡ ಲಿಪಿಯಲ್ಲಿ. ಯಾವ ಸಮ್ರಾಟನೂ ಹೇಳಿದ್ದಲ್ಲ. ಬಂದವನು ತನ್ನ ಅಕ್ಷರ ಬಿಡಲಿಲ್ಲ, ಇದ್ದವರ ಅಕ್ಷರ ಮರೆಯಲಿಲ್ಲ. ಖರ್ಚು ಎರಡರಷ್ಟು ಬಂದಿರಬೇಕು, ಕೊಟ್ಟ.

ಹುಬ್ಬಳ್ಳಿಯಿಂದ ಪಟ್ಟದಕಲ್ಲು ಒಂದು ಹಗಲಿನ ದಾರಿ. ಹೋದವರು ವಿರೂಪಾಕ್ಷ ಗುಡಿಯ ಮುಂದೆ ಫೋಟೋ ತೆಗೆಸಿಕೊಂಡು, ಬುತ್ತಿ ಬಿಚ್ಚಿ ಉಂಡು, ಬನಶಂಕರಿಗೆ ಹೊರಟುಬಿಡುತ್ತಾರೆ. ಮುಂದಿನ ಸಲ ಆ ಕಂಬ ಎಲ್ಲಿದೆ ಎಂದು ಅಲ್ಲಿಯ ಕಾವಲುಗಾರರನ್ನು ಕೇಳಿ ಹುಡುಕಿ. ಎರಡೂ ಬದಿಯ ಅಕ್ಷರಗಳನ್ನು ನೋಡಿಕೊಂಡು ಬನ್ನಿ.